ಅಕ್ಕಿರೊಟ್ಟಿಗೇಕೆ ನಾಚಿಕೆ?

ಸೊರಬದ ಕಡೆ ಬೆಳಗಿನ ಹೊತ್ತು ಹೋದ ಅತಿಥಿಗೆ ಈಗ ಎಷ್ಟೋ ಮನೆಗಳಲ್ಲಿ ಬೇಕರಿಯ ಬನ್ನು, ಖಾರಾ ಬಿಸ್ಕತ್ತು. ಒಳಗೆ ಮನೆಮಂದಿಗೆಂದು ಅಕ್ಕಿರೊಟ್ಟಿ ಬೇಯುತ್ತಿರುತ್ತದೆ. ಪರಿಮಳ ಜಗಲಿಗೂ ಬರುತ್ತದೆ. ಕೇಳಿದರೆ, "ಮೇಷ್ಟ್ರೇ, ನಿಮಗೆ ರೊಟ್ಟಿ ಕೊಡುವುದು ಹೇಗೆ?" ಎನ್ನುತ್ತಾರೆ. ಈ ಸಂಕೋಚದಲ್ಲಿ ನನ್ನ ಪಾಲೂ ಉಂಟು. ಬುತ್ತಿಯಲ್ಲಿ ರೊಟ್ಟಿ ತಂದ ಹುಡುಗನನ್ನು ಕಂಡು ಒಮ್ಮೆ ತರಗತಿಯಲ್ಲಿ ನಕ್ಕವನು ನಾನು.

ಕುದಿನೀರಿನಲ್ಲಿ ಹಿಟ್ಟನ್ನು ಉಕ್ಕರಿಸಿ, ಬಿಸಿಯಿರುವಾಗಲೇ ನಾದಿ, ತೆಳ್ಳಗೆ ತಟ್ಟಿ, ಕಾವಲಿಯಿಂದ ತೆಗೆದು ಕೆಂಡದ ಮೇಲೆ ಉಬ್ಬಿಸುವುದು ಸುಲಭದ ವಿದ್ಯೆಯಲ್ಲ. ತುರ್ಕಿಯವರಲ್ಲಿಯೂ ಯುಫ್ಕಾ ಎಂಬ ತೆಳುರೊಟ್ಟಿಯುಂಟು, ಗೋಧಿಯದು. ನೆರೆಹೊರೆಯವರು ಕೂಡಿ ಅದನ್ನು ಮಾಡುವ ಪದ್ಧತಿಯನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ರೊಟ್ಟಿಯನ್ನು ಬಂದವರಿಗೂ ಬಡಿಸಿದರೆ ಸಾಕು. ಬೆಣ್ಣೆ, ಜೋನಿಬೆಲ್ಲ ಇದ್ದರೆ ಜೊತೆಗಿಡಿ. ಇಲ್ಲವಾದರೆ ಉಪ್ಪಿನಕಾಯಿಯೂ ಆದೀತು.