ಸದ್ಗುಣಗಳ ನೆಲೆ: ಕ್ರೈಸ್ತ ಸಭಾಜೀವನದ ಒಂದು ವಿವೇಚನೆ

ಸದ್ಗುಣವೆಂಬುದು ಮನುಷ್ಯನ ಅಂತರಂಗದ ಸಂಪತ್ತೆಂದೂ, ಅದು ಏಕಾಂತ ಸಾಧನೆಯಿಂದ ಲಭಿಸತಕ್ಕುದೆಂದೂ ಹೇಳುವುದು ಲೋಕರೂಢಿ. ಈ ಮಾತು ಅರ್ಧಸತ್ಯ ಮಾತ್ರ. ಒಬ್ಬನೇ ಕುಳಿತವನಿಗೆ ತಾಳ್ಮೆಯ ಪರೀಕ್ಷೆ ಒದಗದು. ನೆರೆಯವರಿಲ್ಲದವನಿಗೆ ತಾನು ಉದಾರಿಯೋ ಲೋಭಿಯೋ ತಿಳಿಯದು. ಗುಣದ ಬೀಜ ಅಂತರಂಗದಲ್ಲಿಯೇ ಇದ್ದರೂ ಅದು ಮೊಳೆತು ಫಲಿಸುವುದು ಹತ್ತು ಜನರ ನಡುವೆ. ಕ್ರೈಸ್ತ ಸಭೆಯ ಮೊದಲ ನಾಲ್ಕು ಶತಮಾನಗಳ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಎಲ್ಲ ಮತದವರಿಗೂ ಪ್ರಯೋಜನಕರ. ಅಲ್ಲಿ ಗುಣಗಳು ಪರೀಕ್ಷೆಗೊಳಗಾದುದು ಪ್ರಾರ್ಥನೆಯ ಮಂದಿರದಲ್ಲಿ ಮಾತ್ರವಲ್ಲ. ಊಟದ ಪಂಕ್ತಿಯಲ್ಲಿ, ಕಾಣಿಕೆಯ ಲೆಕ್ಕದಲ್ಲಿ, ರೋಗಿಯ ಹಾಸಿಗೆಯ ಬಳಿಯಲ್ಲಿ, ಕಟ್ಟಕಡೆಗೆ ಅಧಿಕಾರಪೀಠದ ಮೆಟ್ಟಿಲುಗಳ ಮೇಲೆ.

ಮೊದಲು ಶಬ್ದವಿಚಾರ. ಚರ್ಚು ಎಂದೊಡನೆ ನಮ್ಮ ಜನರ ಕಣ್ಣಮುಂದೆ ನಿಲ್ಲುವುದು ಗೋಪುರವೂ ಗಂಟೆಯೂ ಉಳ್ಳ ಒಂದು ಕಟ್ಟಡ. ಆದರೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಎಕ್ಲೇಸಿಯ’ ಎಂಬ ಪದಕ್ಕೆ ಕರೆಗೆ ಓಗೊಟ್ಟು ನೆರೆದ ಜನಸಮೂಹವೆಂದು ಅರ್ಥ. ಈ ಪದವೇ ಲ್ಯಾಟಿನ್ನಿನ ಮಾರ್ಗವಾಗಿ ಪೋರ್ಚುಗೀಸರ ನುಡಿಗಿಳಿದು, ಕರಾವಳಿಯ ಕೊಂಕಣಿ ಕ್ರೈಸ್ತರ ಬಾಯಲ್ಲಿ ‘ಇಗರ್ಜಿ’ಯಾಗಿ ನಿಂತಿದೆ. ಕನ್ನಡ ಬೈಬಲಿನ ಭಾಷಾಂತರಕಾರರು ‘ಸಭೆ’ ಎಂಬ ಪದವನ್ನು ಬಳಸಿದುದು ಮೂಲಾರ್ಥಕ್ಕೆ ಅತ್ಯಂತ ಸಮೀಪವಾದ ಆಯ್ಕೆ. ಆರಂಭಕಾಲದ ಕ್ರೈಸ್ತರಿಗೆ ದೊಡ್ಡ ಆಲಯಗಳಿರಲಿಲ್ಲ. ಅನುಕೂಲಸ್ಥರೊಬ್ಬರ ಮನೆಯ ಪಡಸಾಲೆಯಲ್ಲಿ ಅವರು ಕೂಡುತ್ತಿದ್ದರು. ಅವರೇ ಸಭೆ, ಅವರ ನಡೆಯೇ ಸಭೆಯ ಗೋಡೆ ಮಾಡು.

ಗುಣವಾಚಕ ಶಬ್ದಗಳ ಕಥೆಯೂ ಸ್ವಾರಸ್ಯಕರ. ರೋಮನರ ‘ವಿರ್ತುಸ್’ ಎಂಬುದು ಪುರುಷಾರ್ಥಕವಾದ ‘ವಿರ್’ ಎಂಬ ಶಬ್ದದಿಂದ ನಿಷ್ಪನ್ನವಾದುದು. ಪೌರುಷವೇ ಅದರ ಮೊದಲ ಅರ್ಥ. ಗ್ರೀಕ್ ತತ್ತ್ವಜ್ಞರು ವಿವೇಕ, ನ್ಯಾಯ, ಧೈರ್ಯ, ಸಂಯಮ ಎಂಬ ನಾಲ್ಕನ್ನು ಪ್ರಧಾನವೆಂದೆಣಿಸಿದರು. ಕ್ರೈಸ್ತರು ಅವನ್ನು ತಳ್ಳಿಹಾಕದೆ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರನ್ನು ಅವುಗಳ ಮೇಲಿರಿಸಿದರು. ಹದಿಮೂರನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸನು ಈ ಏಳನ್ನೂ ಶಾಸ್ತ್ರದ ಚೌಕಟ್ಟಿಗೆ ತಂದನು. ಇವೆಲ್ಲಕ್ಕಿಂತ ವಿಲಕ್ಷಣವಾದುದು ವಿನಯದ ಸಂಗತಿ. ಗ್ರೀಕರ ‘ತಪೈನೋಸ್’ ಎಂಬ ಪದಕ್ಕೆ ಕೀಳು, ದೀನ ಎಂಬ ಅರ್ಥ. ಸ್ವತಂತ್ರ ನಾಗರಿಕನಿಗೆ ಅದು ಹೊಗಳಿಕೆಯ ಮಾತಾಗಿರಲಿಲ್ಲ. ಗುರುವಾದ ಯೇಸುವೇ ಶಿಷ್ಯರ ಪಾದಗಳನ್ನು ತೊಳೆದನೆಂಬ ಪ್ರಸಂಗವನ್ನು ಆದರ್ಶವಾಗಿ ಇಟ್ಟುಕೊಂಡ ಸಭೆ, ತಿರಸ್ಕೃತವಾಗಿದ್ದ ಆ ಪದವನ್ನು ಎತ್ತಿ ಗುಣಗಳ ಸಾಲಿನಲ್ಲಿ ಕೂರಿಸಿತು. ಪದದ ಅರ್ಥವನ್ನು ತಿರುಗಿಸುವುದು ಕಷ್ಟ. ಆ ಅರ್ಥಕ್ಕೆ ತಕ್ಕಂತೆ ಬಾಳುವುದು ಅದಕ್ಕಿಂತ ಕಷ್ಟ.

ಈ ಕಷ್ಟ ಮೊದಲು ಪ್ರಕಟವಾದುದು ಕೊರಿಂಥ ಪಟ್ಟಣದಲ್ಲಿ. ಕ್ರಿ.ಪೂ. 146ರಲ್ಲಿ ರೋಮನರೇ ನೆಲಸಮಗೊಳಿಸಿದ್ದ ಈ ನಗರವನ್ನು ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ಪುನಃ ನೆಲೆಗೊಳಿಸಿದನು. ಎರಡು ಕಡಲುಗಳ ನಡುವಣ ಭೂಸಂಧಿಯಲ್ಲಿದ್ದು, ಎರಡು ರೇವುಗಳ ವ್ಯಾಪಾರದಿಂದ ಬೆಳೆದ ಹೊಸ ಸಿರಿವಂತರ ಊರದು. ಕ್ರಿ.ಶ. 50ರ ಸುಮಾರಿಗೆ ಪೌಲನು ಅಲ್ಲೊಂದು ಸಭೆಯನ್ನು ಸ್ಥಾಪಿಸಿದನು. ಕೆಲವೇ ವರ್ಷಗಳಲ್ಲಿ, ಎಫೆಸದಲ್ಲಿದ್ದ ಅವನ ಕಿವಿಗೆ ಆ ಸಭೆಯ ದೂರುಗಳು ಬಿದ್ದವು. ಒಬ್ಬರು ಪೌಲನ ಪಕ್ಷ, ಒಬ್ಬರು ಅಪೊಲ್ಲೋಸನ ಪಕ್ಷ, ಮತ್ತೊಬ್ಬರು ಕೇಫನ ಪಕ್ಷ. ಸಹೋದರರೇ ಒಬ್ಬರ ಮೇಲೊಬ್ಬರು ನ್ಯಾಯಾಲಯವೇರುತ್ತಿದ್ದರು. ಎಲ್ಲಕ್ಕಿಂತ ಹೀನವಾದುದು ಭೋಜನದ ಪ್ರಸಂಗ. ಕರ್ತನ ಭೋಜನವೆಂಬುದು ಆಗ ನಿಜವಾದ ಸಹಪಂಕ್ತಿಯೂಟವೇ ಆಗಿತ್ತು. ಉಳ್ಳವರು ತಾವು ತಂದುದನ್ನು ತಾವೇ ಮುಂದಾಗಿ ಉಂಡು ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದ ಹೊಟ್ಟೆಯಲ್ಲಿ ನಾಚಿ ನಿಲ್ಲುತ್ತಿದ್ದರು. ಇದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಖಂಡಿಸಿದನು.

ಪ್ರೀತಿಯನ್ನು ಕುರಿತು ಅವನು ಬರೆದ, ಇಂದು ಲೋಕದಾದ್ಯಂತ ಮದುವೆಯ ಸಮಾರಂಭಗಳಲ್ಲಿ ಓದಲ್ಪಡುವ ಪ್ರಸಿದ್ಧ ಅಧ್ಯಾಯ ಇರುವುದು ಇದೇ ಪತ್ರದಲ್ಲಿ. ಅಧ್ಯಾಯಗಳ ವಿಭಾಗ ಹದಿಮೂರನೆಯ ಶತಮಾನದಲ್ಲಿ ಆದುದು. ಪೌಲನ ಕೈಯಲ್ಲಿ ಅದು ಒಂದೇ ಹರಿವಿನ ಬರಹ. ಅದನ್ನು ಬಿಡಿಸಿ ಓದಿದರೆ ಸುಂದರ ಸ್ತುತಿಯಂತೆ ತೋರುತ್ತದೆ. ಪ್ರಕರಣದಲ್ಲಿಟ್ಟು ಓದಿದರೆ ಅದೊಂದು ಛೀಮಾರಿ. ಪ್ರೀತಿಯ ಲಕ್ಷಣಗಳೆಂದು ಅವನು ಎಣಿಸಿದ ತಾಳ್ಮೆ, ನಿರಹಂಕಾರ, ಅನಸೂಯೆ ಮುಂತಾದುವೆಲ್ಲ ಕೊರಿಂಥದವರಲ್ಲಿ ಇಲ್ಲದೆ ಹೋದ ಗುಣಗಳೇ. ವಾಗ್ಮಿತೆ, ಜ್ಞಾನ, ದಾನ, ಆತ್ಮಾರ್ಪಣೆ ಇವೆಲ್ಲವೂ ಪ್ರೀತಿಯಿಲ್ಲದಿದ್ದರೆ ಟೊಳ್ಳೆಂಬುದು ಅವನ ನಿರ್ಣಯ. ದಾನವನ್ನೂ ಅವನು ಈ ಪಟ್ಟಿಯಿಂದ ಬಿಡಲಿಲ್ಲವೆಂಬುದು ಗಮನಾರ್ಹ. ಯಾವ ದಾನ ಪಂಕ್ತಿಯ ಕೊನೆಯವನನ್ನು ನಾಚಿಸುತ್ತದೆಯೋ ಅದು ಕೊಟ್ಟವನಿಗೂ ಪ್ರಯೋಜನವಾಗದು.

ಹೊಸ ಒಡಂಬಡಿಕೆಯ ಯಾಕೋಬನ ಪತ್ರ ಇದನ್ನೇ ಇನ್ನೂ ನೇರವಾಗಿ ಕೇಳುತ್ತದೆ: ಚಿನ್ನದುಂಗುರ ತೊಟ್ಟವನಿಗೆ ಒಳ್ಳೆಯ ಪೀಠವನ್ನೂ ಹರಕುಬಟ್ಟೆಯವನಿಗೆ ಕಾಲಡಿಯ ನೆಲವನ್ನೂ ತೋರಿಸುವ ಸಭೆಯಲ್ಲಿ ನಂಬಿಕೆ ಎಲ್ಲಿಯದು? ಈ ಪ್ರಶ್ನೆ ಹಳೆಯದಾಗಲಿಲ್ಲ. ಭಾರತದ ಸಭೆಗಳಲ್ಲಿಯೂ ಜಾತಿಯ ಕಾರಣದಿಂದ ಬೇರೆ ಆಸನ, ಬೇರೆ ಸ್ಮಶಾನಗಳು ಕೆಲವೆಡೆ ಉಳಿದುಬಂದವು. ಭಾರತದ ಕಥೋಲಿಕ ಬಿಷಪರ ಸಮ್ಮೇಳನವು 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ಸಭೆಯ ಒಳಗೇ ಈ ತಾರತಮ್ಯ ಇರುವುದನ್ನು ಮರೆಮಾಚದೆ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಳ್ಳುವುದಕ್ಕೂ ಒಂದು ಗುಣ ಬೇಕು. ಆದರೆ ಒಪ್ಪಿಗೆಯ ಪತ್ರ ಪರಿಹಾರವಲ್ಲ. ಸ್ಮಶಾನದ ನಡುಗೋಡೆ ಬಿದ್ದ ದಿನವೇ ಆ ಗುಣ ಸಿದ್ಧಿಸಿತೆನ್ನಬೇಕು.

ಪಂಕ್ತಿಯ ಅನಂತರ ಪೆಟ್ಟಿಗೆಯ ವಿಚಾರ. ಯೆರೂಸಲೇಮಿನ ಬಡವರಿಗಾಗಿ ಪೌಲನು ಗ್ರೀಸಿನ ಸಭೆಗಳಲ್ಲಿ ಹಣ ಕೂಡಿಸಿದ ಕ್ರಮ ಗಮನಾರ್ಹವಾದುದು. ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಷ್ಟು ತೆಗೆದಿಡಬೇಕು. ತಾನು ಬಂದಾಗ ಅವಸರದ ವಂತಿಗೆ ಎತ್ತುವಂತಾಗಬಾರದು ಎಂಬುದು ಅವನ ಕಟ್ಟಳೆ. ಹಣವನ್ನು ಒಯ್ಯುವಾಗ ಯಾರೂ ಆಕ್ಷೇಪಿಸಬಾರದೆಂದು, ಸಭೆಗಳೇ ಆರಿಸಿದ ಸಹಾಯಕರನ್ನು ಜೊತೆಗಿಟ್ಟುಕೊಂಡನು. ದೇವರ ದೃಷ್ಟಿಯಲ್ಲಿ ಶುದ್ಧನಾಗಿದ್ದರೆ ಸಾಲದು, ಮನುಷ್ಯರ ದೃಷ್ಟಿಯಲ್ಲಿಯೂ ಲೆಕ್ಕ ಶುದ್ಧವಿರಬೇಕೆಂಬುದು ಅವನ ಅಭಿಪ್ರಾಯ. ಪ್ರಾಮಾಣಿಕತೆಯನ್ನು ಮನಸ್ಸಿನ ವಿಷಯವೆಂದು ಬಿಡದೆ ವ್ಯವಸ್ಥೆಯ ವಿಷಯವನ್ನಾಗಿ ಮಾಡಿದ ಈ ವಿವೇಕ ಸಾರ್ವಜನಿಕ ಹಣ ಮುಟ್ಟುವ ಸರ್ವರಿಗೂ ಪಾಠ.

ಎರಡನೆಯ ಶತಮಾನದ ನಡುಭಾಗದಲ್ಲಿ ರೋಮಿನಲ್ಲಿದ್ದ ಜಸ್ಟಿನನು ಭಾನುವಾರದ ಕೂಟವನ್ನು ವರ್ಣಿಸುತ್ತ, ಶಕ್ತರಾದವರು ಇಚ್ಛಾನುಸಾರ ಕೊಟ್ಟುದು ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರಸ್ಥಳದವರು ಇವರ ಪಾಲಿಗೆ ಸಲ್ಲುತ್ತಿತ್ತೆಂದು ತಿಳಿಸುತ್ತಾನೆ. ನೂರು ವರ್ಷಗಳ ತರುವಾಯ, 251ರಲ್ಲಿ, ರೋಮಿನ ಬಿಷಪನಾದ ಕೊರ್ನೇಲಿಯನು ಬರೆದ ಪತ್ರವೊಂದರಲ್ಲಿ ಅಂಕಿಗಳೇ ದೊರೆಯುತ್ತವೆ: ಹಿರಿಯರು 46 ಮಂದಿ, ಧರ್ಮಸೇವಕರು 7 ಮಂದಿ, ಸಭೆಯ ಪೋಷಣೆಯಲ್ಲಿದ್ದ ವಿಧವೆಯರೂ ದೀನರೂ 1500ಕ್ಕೂ ಮಿಗಿಲು. ರಾಜಾಶ್ರಯವಿಲ್ಲದ, ಹಿಂದಿನ ವರ್ಷವಷ್ಟೇ ಡೀಸಿಯಸ್ ಚಕ್ರವರ್ತಿಯ ಹಿಂಸೆಗೆ ಗುರಿಯಾಗಿದ್ದ ಸಭೆಯ ಲೆಕ್ಕವಿದು.

ಆ ಹಿಂಸೆಯಿಂದಲೇ ಮತ್ತೊಂದು ಗುಣದ ಪರೀಕ್ಷೆಯೊದಗಿತು. ಜೀವಭಯದಿಂದ ರೋಮನ್ ದೇವತೆಗಳಿಗೆ ಬಲಿಯರ್ಪಿಸಿ ಪಾರಾದವರು ಆಪತ್ತು ಕಳೆದ ಮೇಲೆ ಮರಳಿ ಬಂದು ಸಭೆಯ ಬಾಗಿಲಲ್ಲಿ ನಿಂತರು. ಅಂಥವರಿಗೆ ಪ್ರವೇಶವೇ ಕೂಡದೆಂದು ನೊವಾಷಿಯನನ ಕಡೆಯವರು ಬೇರೆಯಾದರು; ಏನೂ ಆಗಿಲ್ಲವೆಂಬಂತೆ ಸೇರಿಸಿಕೊಳ್ಳಬೇಕೆನ್ನುವವರೂ ಇದ್ದರು. ಕಾರ್ಥೇಜಿನ ಬಿಷಪನಾದ ಸಿಪ್ರಿಯನನು ನಡುದಾರಿ ಹಿಡಿದು, ಪಶ್ಚಾತ್ತಾಪದ ಅವಧಿಯನ್ನು ವಿಧಿಸಿ ಹಿಂದಿರುಗುವ ದಾರಿಯನ್ನು ತೆರೆದಿಟ್ಟನು. ಕ್ಷಮೆಯೆಂದರೆ ತಪ್ಪನ್ನು ಕಾಣದಿರುವುದಲ್ಲ, ತಪ್ಪಿದವನನ್ನು ಕಳೆದುಕೊಳ್ಳದಿರುವುದು ಎಂಬ ಸೂಕ್ಷ್ಮ ಈ ನಿರ್ಣಯದಲ್ಲಿದೆ. ಸ್ವಲ್ಪ ಕಾಲದಲ್ಲಿಯೇ ಮಹಾಮಾರಿ ಕಾರ್ಥೇಜನ್ನು ಹೊಕ್ಕಿತು. ತಮ್ಮವರನ್ನು ಮಾತ್ರ ಉಪಚರಿಸುವುದರಲ್ಲಿ ಹೆಚ್ಚುಗಾರಿಕೆಯಿಲ್ಲವೆಂದು ಸಿಪ್ರಿಯನನು ಬೋಧಿಸಿದನೆಂದು ಅವನ ಚರಿತ್ರಕಾರನು ಬರೆದಿದ್ದಾನೆ. ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸನ ಪತ್ರದಲ್ಲಿ, ರೋಗಿಗಳ ಶುಶ್ರೂಷೆ ಮಾಡುತ್ತಲೇ ಸೋಂಕು ತಗಲಿ ಸತ್ತ ಹಿರಿಯರ, ಸೇವಕರ ಉಲ್ಲೇಖವಿದೆ. ಸಭೆಯ ದಯೆ ಜನರನ್ನು ಸೆಳೆಯುವ ಉಪಾಯವಷ್ಟೇ ಎನ್ನುವವರಿಗೆ ಈ ಸಾವುಗಳೇ ಉತ್ತರ. ಉಪಾಯಕ್ಕಾಗಿ ಯಾರೂ ಪ್ರಾಣ ಕೊಡಲಾರರು.

ಈ ಗುಣಗಳ ಬಲವನ್ನು ವಿರೋಧಿಗಳೂ ಕಂಡುಕೊಂಡರು. ಕ್ರೈಸ್ತ ಧರ್ಮವನ್ನು ತೊರೆದು ಪ್ರಾಚೀನ ದೇವತಾರಾಧನೆಯನ್ನು ಪುನರುಜ್ಜೀವಿಸಲು 361ರಿಂದ 363ರವರೆಗೆ ಯತ್ನಿಸಿದ ಜೂಲಿಯನ್ ಚಕ್ರವರ್ತಿಯದೆಂದು ಉಳಿದುಬಂದಿರುವ ಒಂದು ಪತ್ರದಲ್ಲಿ, ಕ್ರೈಸ್ತರು ತಮ್ಮ ಬಡವರನ್ನಲ್ಲದೆ ಪರರ ಬಡವರನ್ನೂ ಪೋಷಿಸುತ್ತಿರುವುದು ತಮಗೆ ನಾಚಿಕೆಗೇಡೆಂಬ ಅಳಲಿದೆ. ಊರೂರಿಗೆ ಛತ್ರಗಳನ್ನು ಸ್ಥಾಪಿಸುವಂತೆ ಆಜ್ಞಾಪಿಸಿ, ಗಲಾತ್ಯ ಪ್ರಾಂತವೊಂದಕ್ಕೇ ವರ್ಷಕ್ಕೆ 30,000 ಅಳತೆ ಧಾನ್ಯವನ್ನು ಮಂಜೂರು ಮಾಡಿದ ಸಂಗತಿಯೂ ಅಲ್ಲಿದೆ. ಆಜ್ಞೆಯಿಂದ ಧಾನ್ಯ ಬಂದೀತು. ಬಡಿಸುವ ಕೈ ಬರುವುದು ತಲೆಮಾರುಗಳ ಅಭ್ಯಾಸದಿಂದ.

ಆದರೆ ಅಭ್ಯಾಸವೂ ಅಳಿಯಬಲ್ಲುದು. 313ರಲ್ಲಿ ಕಾನ್‌ಸ್ಟಂಟೈನನು ಕ್ರೈಸ್ತರಿಗೆ ಆರಾಧನಾ ಸ್ವಾತಂತ್ರ್ಯವನ್ನಿತ್ತ ಮೇಲೆ ಸಭೆಗೆ ರಾಜಮನ್ನಣೆ, ಭೂಮಿಕಾಣಿ, ಭವ್ಯಾಲಯಗಳು ಪ್ರಾಪ್ತವಾದವು. 366ರಲ್ಲಿ ರೋಮಿನ ಬಿಷಪನ ಪೀಠ ತೆರವಾದಾಗ ದಮಾಸಸ್ ಮತ್ತು ಉರ್ಸೀನಸ್ ಎಂಬಿಬ್ಬರ ಪಕ್ಷಗಳು ಕೈಕೈ ಮಿಲಾಯಿಸಿದವು. ಒಂದೇ ದಿನ ಒಂದು ಆಲಯದೊಳಗೆ 137 ಹೆಣಗಳು ದೊರೆತುವೆಂದು ಸಮಕಾಲೀನ ಇತಿಹಾಸಕಾರ ಅಮಿಯಾನಸನು ದಾಖಲಿಸಿದ್ದಾನೆ. ಶ್ರೀಮಂತ ಮಹಿಳೆಯರ ಕಾಣಿಕೆಗಳು, ರಥಗಳು, ರಾಜಭೋಜನವನ್ನು ಮೀರಿಸುವ ಔತಣಗಳು ಆ ಪೀಠಕ್ಕಿರುವಾಗ ಕಾದಾಟ ಸಹಜವೇ ಎಂದು ಕ್ರೈಸ್ತನಲ್ಲದ ಆತನು ವ್ಯಂಗ್ಯವಾಡುತ್ತಾನೆ. ಹಳ್ಳಿಗಾಡಿನ ಕೆಲವು ಬಿಷಪರ ಮಿತಾಹಾರ, ಸಾದಾ ಉಡುಪುಗಳನ್ನು ಮೆಚ್ಚಿಕೊಳ್ಳುತ್ತಾನೆ. 1500 ದೀನರನ್ನು ಪೋಷಿಸುತ್ತಿದ್ದ ಸಭೆಯಿಂದ 137 ಹೆಣಗಳ ಸಭೆಗೆ ಇರುವ ಅಂತರ 115 ವರ್ಷ. ನಗರ ಒಂದೇ, ಗ್ರಂಥ ಒಂದೇ, ಪ್ರಾರ್ಥನೆಯೂ ಒಂದೇ. ಪೀಠದ ಬೆಲೆ ಏರಿತು. ಅದರೊಡನೆ ವಿನಯ ಇಳಿಯಿತು.

ಹಾಗೆಂದು ಸಂಪತ್ತೇ ಗುಣನಾಶಕವೆಂದು ತೀರ್ಮಾನಿಸಬೇಕಾಗಿಲ್ಲ. ಅದೇ ದಶಕದಲ್ಲಿ, ಇಂದಿನ ತುರ್ಕಿ ದೇಶಕ್ಕೆ ಸೇರಿದ ಕೈಸರಿಯದಲ್ಲಿ, ಸಿರಿವಂತರ ಮನೆಯಲ್ಲಿ ಹುಟ್ಟಿದ ಬೆಸಿಲನು 369ರ ಸುಮಾರಿನ ಕ್ಷಾಮದಲ್ಲಿ ಉಳ್ಳವರ ಕಣಜಗಳನ್ನು ತೆರೆಸಿ, ಹಸಿದವರಿಗೆ ತಾನೇ ನಿಂತು ಬಡಿಸಿದನು. ಮರುವರ್ಷ ಬಿಷಪನಾಗಿ ಊರಹೊರಗೆ ರೋಗಿಗಳಿಗೂ ಕುಷ್ಠಪೀಡಿತರಿಗೂ ದಾರಿಹೋಕರಿಗೂ ವಸತಿಗಳನ್ನು ಕಟ್ಟಿಸಿದನು. ಅವನ ಗೆಳೆಯ ಗ್ರೆಗರಿ ಅದನ್ನು ಹೊಸ ನಗರವೆಂದೇ ಕರೆದನು. ಕೂಡಿಟ್ಟ ಹೆಚ್ಚುವರಿ ಅನ್ನ ಹಸಿದವನ ಸ್ವತ್ತೆಂಬುದು ಬೆಸಿಲನ ವಾದ. ಒಂಟಿಯಾಗಿ ತಪಸ್ಸು ಮಾಡುವವನಿಗೆ ಪಾದ ತೊಳೆಯುವ ಅವಕಾಶವೇ ದೊರೆಯದೆಂದು ಹೇಳಿ, ಸನ್ಯಾಸಿಗಳು ಕೂಡಿ ಬಾಳಬೇಕೆಂದು ನಿಯಮಿಸಿದವನೂ ಅವನೇ.

ಗುಣಗಳನ್ನು ವರ್ಣಿಸುವುದರಲ್ಲಿ ಯಾವ ಸಮುದಾಯವೂ ಹಿಂದೆ ಬಿದ್ದಿಲ್ಲ. ವರ್ಣನೆಯಿಂದಲೇ ಗುಣ ಉಳಿಯುವುದಾಗಿದ್ದರೆ ಕೊರಿಂಥದಲ್ಲಿ ಹಸಿದವರಿರುತ್ತಿರಲಿಲ್ಲ, ರೋಮಿನಲ್ಲಿ ಹೆಣ ಬೀಳುತ್ತಿರಲಿಲ್ಲ. ಸಭೆಯೊಂದು ತನ್ನನ್ನು ತಾನು ಅಳೆಯಬೇಕಾದರೆ ದಾನಿಗಳ ಹೆಸರು ಕೆತ್ತಿದ ಕಲ್ಲನ್ನು ನೋಡಿದರೆ ಸಾಲದು. ಬಡವನು ಎಲ್ಲಿ ಕುಳಿತಿದ್ದಾನೆ, ಹಣದ ಲೆಕ್ಕ ಯಾರ ಮುಂದೆ ತೆರೆದಿದೆ, ತಪ್ಪಿ ನಡೆದವನು ಮರಳಿ ಬಂದರೆ ಬಾಗಿಲು ತೆಗೆಯುವವರಾರು, ಪೀಠ ತೆರವಾದಾಗ ಜನರ ನಡೆ ಹೇಗಿರುತ್ತದೆ ಎಂಬುದನ್ನು ನೋಡಬೇಕು. ಕ್ರೈಸ್ತ ಸಭೆ ಈ ಪರೀಕ್ಷೆಯಲ್ಲಿ ಕೆಲವೊಮ್ಮೆ ಗೆದ್ದಿತು, ಕೆಲವೊಮ್ಮೆ ಸೋತಿತು. ಗೆದ್ದ ಕಾಲಗಳಲ್ಲೆಲ್ಲ ಅದರ ಪಂಕ್ತಿಯ ಕೊನೆಯ ಎಲೆಗೂ ಅನ್ನ ಬಿದ್ದಿತ್ತು ಎಂಬುದನ್ನು ಲೋಕ ಮರೆಯಲಾಗದು.