ಫಿಲ್ಟರ್ ನೀರು ಮತ್ತು ಉಲ್ಲೇಖಗಳ ಲೆಕ್ಕ

ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಬಾಲ್ಯದಲ್ಲಿ ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟಬಹುದು, ಪ್ರಮಾಣ ಇನ್ನೂ ಏರಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಹಾಗಾಗಿ ಜಿಲ್ಲೆಯ ನರಸಾಪುರದ ಸೀಮೆಯಲ್ಲಿ ಶುದ್ಧ ನೀರಿನ ಘಟಕಕ್ಕೆ 20 ಲೀಟರಿನ ಕ್ಯಾನ್ ಹಿಡಿದು ಹೋಗುವುದು ದಿನದ ಕೆಲಸಗಳಲ್ಲೊಂದು. ಘಟಕದ ಉದ್ದನೆಯ ಕೊಳವೆಯೊಳಗೆ ಸುರುಳಿ ಸುತ್ತಿಟ್ಟ ಪೊರೆಯೇ ಫ್ಲೋರೈಡನ್ನು ತಡೆಯುವುದು. ಅದು ಪಾಲಿಮರ್, ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳಿಂದಾದ ವಸ್ತು. ನಿಜವಾಗಿ ಸೋಸುವ ಅದರ ಮೇಲ್ಪದರ ತಲೆಗೂದಲಿಗಿಂತ ನೂರಾರು ಪಟ್ಟು ತೆಳು.

ಪಾಲಿಮರ್ ವಿಜ್ಞಾನಿಯೊಬ್ಬರ ಸಾಧನೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಈ ಪೊರೆಯಿಂದಲೇ ಶುರು ಮಾಡುವುದು ಒಳ್ಳೆಯದು. ಪತ್ರಿಕೆಗಳಲ್ಲಿ ಸುದ್ದಿ ಬರುವುದು ಸಾಮಾನ್ಯವಾಗಿ ಅಂಕಿಗಳಲ್ಲಿ: ಇಷ್ಟು ಪ್ರಬಂಧ, ಇಷ್ಟು ಸಾವಿರ ಉಲ್ಲೇಖ, ಎಚ್-ಇಂಡೆಕ್ಸ್ ಇಷ್ಟು.

ಒಬ್ಬ ಸಂಶೋಧಕ ತನ್ನ ಪ್ರಬಂಧದ ಕೊನೆಯಲ್ಲಿ, ತಾನು ಯಾರ ಕೆಲಸವನ್ನು ಆಧರಿಸಿದ್ದೇನೆ ಎಂದು ಪಟ್ಟಿ ಕೊಡುತ್ತಾನೆ. ಆ ಪಟ್ಟಿಯಲ್ಲಿ ನಿಮ್ಮ ಪ್ರಬಂಧ ಬಂದರೆ ನಿಮಗೆ ಒಂದು ಉಲ್ಲೇಖ. ಅಮೆರಿಕದ ಯೂಜಿನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಇವನ್ನು ವ್ಯವಸ್ಥಿತವಾಗಿ ಎಣಿಸತೊಡಗಿದರು. ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ, ಭೌತವಿಜ್ಞಾನಿ ಹಾರ್ಹೆ ಹಿರ್ಶ್ ಅವರಿಂದ. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 40, 12, 6, 4, 1 ಉಲ್ಲೇಖ ಬಂದಿವೆ ಎನ್ನಿ. ಕನಿಷ್ಠ 4 ಉಲ್ಲೇಖ ಪಡೆದವು ನಾಲ್ಕು. ಹಾಗಾಗಿ ಅವರ ಎಚ್-ಇಂಡೆಕ್ಸ್ 4. ಮೊದಲನೆಯದಕ್ಕೆ 40ರ ಬದಲು 4,000 ಬಂದಿದ್ದರೂ ಅದು 4 ಆಗಿಯೇ ಉಳಿಯುತ್ತದೆ.

ನಮ್ಮ ನಾಡಿನಲ್ಲಿ ಈ ಲೆಕ್ಕದಲ್ಲಿ ಎದ್ದು ಕಾಣುವ ಹೆಸರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದುಡಿದ ಪ್ರೊ. ತೇಜರಾಜ್ ಅಮಿನಭಾವಿ ಅವರದು. ದ್ರವಗಳನ್ನು ಬೇರ್ಪಡಿಸುವ ಪೊರೆಗಳು, ಔಷಧವನ್ನು ದೇಹದೊಳಗೆ ನಿಧಾನವಾಗಿ ಬಿಡುವ ಪಾಲಿಮರ್ ಕಣಗಳು ಅವರ ಕ್ಷೇತ್ರ. ದೇಹದಲ್ಲಿ ಕರಗುವ ನ್ಯಾನೊ ಕಣಗಳ ಬಗ್ಗೆ 2001ರಲ್ಲಿ, ಸೀಗಡಿ, ಏಡಿಗಳ ಚಿಪ್ಪಿನಿಂದ ಸಿಗುವ ಕೈಟೊಸಾನ್ ಬಗ್ಗೆ 2004ರಲ್ಲಿ ಅವರ ತಂಡ ಬರೆದ ಎರಡು ಪ್ರಬಂಧಗಳಿಗೆ ಜಗತ್ತಿನಾದ್ಯಂತ ಸಾವಿರಾರು ಉಲ್ಲೇಖಗಳು ಬಂದಿವೆ. ಧಾರವಾಡದ ಪ್ರಯೋಗಾಲಯವೊಂದರ ಬರಹ ಇಷ್ಟು ಜನರ ಮೇಜಿಗೆ ತಲುಪಿದ್ದು ದೊಡ್ಡ ಮಾತು, ಕನ್ನಡಿಗರು ಹೆಮ್ಮೆಪಡಬೇಕಾದ ಮಾತು.

ಆದರೆ ಅಂಕಿಯನ್ನು ಬಿಡಿಸಿ ನೋಡಬೇಕು. ಅವೆರಡೂ ಸಮೀಕ್ಷಾ ಪ್ರಬಂಧಗಳು. ಅಂದರೆ ಆವರೆಗೆ ಆದ ಕೆಲಸವನ್ನೆಲ್ಲ ಓದಿ, ತೂಗಿ, ಒಂದೆಡೆ ಜೋಡಿಸಿಕೊಟ್ಟ ಬರಹಗಳು. ಹೊಸದಾಗಿ ಕ್ಷೇತ್ರಕ್ಕೆ ಬಂದವರೆಲ್ಲ ಅವನ್ನೇ ಮೊದಲು ಹಿಡಿಯುವುದರಿಂದ ಇಂಥವಕ್ಕೆ ಉಲ್ಲೇಖ ಹೆಚ್ಚು. ಇನ್ನೊಂದು: 2001ರ ಪ್ರಬಂಧದ ಮೊದಲ ಲೇಖಕರು ಕುಮರೇಶ ಸೊಪ್ಪಿಮಠ, 2004ರದಕ್ಕೆ ಸುನಿಲ್ ಅಗ್ನಿಹೋತ್ರಿ. ಒಬ್ಬೊಬ್ಬರ ದುಡಿಮೆ ಎಷ್ಟು ಎಂಬುದನ್ನು ಎಚ್-ಇಂಡೆಕ್ಸ್ ಕೇಳುವುದೇ ಇಲ್ಲ. ಕ್ಷೇತ್ರದ ಗಾತ್ರವೂ ಲೆಕ್ಕ ಬದಲಿಸುತ್ತದೆ. ಔಷಧ ಸಾಗಿಸುವ ಪಾಲಿಮರ್‌ಗಳ ಮೇಲೆ ಕೆಲಸ ಮಾಡುವವರು ಬಹಳ. ಗಣಿತದ ಒಂದು ಸಣ್ಣ ಕವಲಿನಲ್ಲಿ ಬೆರಳೆಣಿಕೆಯ ಮಂದಿ. ಈ ಎರಡು ಕ್ಷೇತ್ರದವರ ಉಲ್ಲೇಖ ಹೋಲಿಸುವುದು ಅನ್ಯಾಯ. ಉಲ್ಲೇಖ ಹೆಚ್ಚಿದ್ದರೆ ಅದು ದೊಡ್ಡ ಶೋಧವೇ ಆಗಿರಬೇಕೆಂದೂ ಇಲ್ಲ: ಜಗತ್ತಿನಲ್ಲೇ ಅತಿ ಹೆಚ್ಚು, 3 ಲಕ್ಷಕ್ಕೂ ಮೀರಿ ಉಲ್ಲೇಖಗೊಂಡ ಪ್ರಬಂಧ 1951ರದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನವಷ್ಟೇ ಅದರಲ್ಲಿರುವುದು.

ಈಗ ನರಸಾಪುರದ ಪೊರೆಗೆ ಬನ್ನಿ. 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಉಪ್ಪುನೀರನ್ನು ಬಳಕೆಗೆ ತಕ್ಕಷ್ಟು ವೇಗದಲ್ಲಿ ಸೋಸುವ ಪೊರೆ ಮಾಡಿದರು. ಇಂದು ಘಟಕಗಳಲ್ಲಿ ಬಳಕೆಯಲ್ಲಿರುವ ಪಾಲಿಅಮೈಡ್ ಬಗೆಯ ಪೊರೆ ಜಾನ್ ಕ್ಯಾಡಾಟ್ ಅವರದು, 1981ರ ಪೇಟೆಂಟ್. ಪೇಟೆಂಟ್ ಎಚ್-ಇಂಡೆಕ್ಸ್‌ಗೆ ಸಾಮಾನ್ಯವಾಗಿ ಸೇರುವುದಿಲ್ಲ. ಪೊರೆ ಕಟ್ಟಿಕೊಂಡಾಗ ಬಿಚ್ಚಿ ತೊಳೆದು ಘಟಕವನ್ನು ಮತ್ತೆ ನಡೆಸುವವರ ಜಾಣ್ಮೆಯಂತೂ ಯಾವ ಪಟ್ಟಿಗೂ ಬರುವುದಿಲ್ಲ. ಒಬ್ಬರ ಬರಹವನ್ನು ಸಹ ಸಂಶೋಧಕರು ಎಷ್ಟು ಬಳಸಿದರು ಎಂಬುದನ್ನು ಉಲ್ಲೇಖ ಹೇಳುತ್ತದೆ. ಕ್ಯಾನ್ ಹಿಡಿದು ನಿಂತವರಿಗೆ ನೀರು ಸಿಕ್ಕಿತೇ ಎಂಬುದನ್ನು ಅದು ಹೇಳಲಾರದು.

ಇದನ್ನು ಮರೆತು ಅಂಕಿಯೊಂದನ್ನೇ ನೇಮಕಾತಿಗೆ, ಬಡ್ತಿಗೆ ಅಳತೆಗೋಲು ಮಾಡಿದ್ದರಿಂದ ನಮ್ಮ ವಿಶ್ವವಿದ್ಯಾಲಯಗಳಿಗೆ ಹಾನಿಯೇ ಆಗಿದೆ. ಒಂದೇ ಪ್ರಯೋಗವನ್ನು ನಾಲ್ಕು ತುಂಡು ಮಾಡಿ ಪ್ರಕಟಿಸುವುದು, ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ನಿಯತಕಾಲಿಕಗಳು, ಪರಸ್ಪರ ಉಲ್ಲೇಖಿಸಿಕೊಳ್ಳುವ ಗುಂಪುಗಳು ಎಲ್ಲ ಬೆಳೆದದ್ದು ಈ ಒತ್ತಡದಲ್ಲೇ. 2022ರ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ), ಮಹಾಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಪಿಎಚ್.ಡಿ. ನಿಯಮದಿಂದ ತೆಗೆದದ್ದು ಸರಿಯಾದ ಹೆಜ್ಜೆ.

ಕೋಲಾರ ಸೀಮೆಯಿಂದ ಸಂಶೋಧನೆಗೆ ಹೊರಟ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ: ಮಾರ್ಗದರ್ಶಕರನ್ನು ಆರಿಸುವಾಗ ಅವರ ಎಚ್-ಇಂಡೆಕ್ಸ್ ನೋಡಿ, ಅಲ್ಲಿಗೇ ನಿಲ್ಲಬೇಡಿ. ಅವರ ಎರಡು ಮೂರು ಪ್ರಬಂಧ ಓದಿ, ಅವರ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ, ಮೊದಲ ಲೇಖಕರ ಜಾಗ ದುಡಿದವರಿಗೇ ಸಿಕ್ಕಿತೇ ಎಂದು ಕೇಳಿ.