ಮೆಟ್ಟಿಲಾದ ವೀರಗಲ್ಲು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಹಂಪಿಯ ಕಲ್ಲಿನ ರಥ, ಬಾದಾಮಿಯ ಗುಹೆ, ಸೋಮನಾಥಪುರದ ಕೇಶವ ದೇಗುಲ ಎಲ್ಲವೂ ಬಾಯಿಪಾಠ. ಯಾವ ದೊರೆ, ಯಾವ ಶತಮಾನ, ಯಾವ ಶೈಲಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಎರಡು ವರ್ಷದಿಂದ ನಾನು ಮಾಡುತ್ತಿರುವುದೂ ಅದನ್ನೇ. ಕಳೆದ ಯುಗಾದಿಗೆ ಬೆಂಗಳೂರಿನ ಪಿ.ಜಿ.ಯಿಂದ ಊರಿಗೆ ಹೋದಾಗ ಮಾತ್ರ ಓದಿದ್ದೆಲ್ಲ ಯಾಕೋ ದಂಡ ಅನ್ನಿಸಿತು.

ನಮ್ಮದು ಕನಕಪುರ ತಾಲ್ಲೂಕು ಕೋಡಿಹಳ್ಳಿ ಹೋಬಳಿಯ ಸಣ್ಣ ಊರು. ಕೆರೆ ಏರಿಯ ಪಕ್ಕ, ಹುಣಸೆ ಮರದ ಬುಡದಲ್ಲಿ ಒಂದು ಕಲ್ಲಿತ್ತು. ಎದೆಮಟ್ಟದ ಎತ್ತರ. ಅಜ್ಜಿ ಅದನ್ನು ‘ಈರಗಾರಪ್ಪ’ ಎನ್ನುತ್ತಿದ್ದಳು. ಹಬ್ಬದ ದಿನ ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಬರುವುದು ನನ್ನ ಕೆಲಸ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿಡಿದವನೊಬ್ಬ, ಅವನ ಹಿಂದೆ ಮೂರು ದನ. ನಡುವೆ ಇಬ್ಬರು ಹೆಂಗಸರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು ಅದು ಎಂದು ನನಗೆ ತಿಳಿದದ್ದು ಬಿ.ಎ. ಎರಡನೇ ವರ್ಷದಲ್ಲಿ. ಅಲ್ಲಿಯವರೆಗೆ ಅದು ದೇವರು, ಅಷ್ಟೆ.

ಈ ಸಲ ಹೋದಾಗ ಹುಣಸೆ ಮರವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಗುಡಿಯ ಜೀರ್ಣೋದ್ಧಾರ ಆಗಿತ್ತು. ಹಳೆಯ ಕಲ್ಲುಕಂಬಗಳಿಗೆ ಹೊಳೆಯುವ ಪೇಂಟು, ನೆಲಕ್ಕೆ ಟೈಲ್ಸ್, ಮುಂದೆ ಕಾಂಕ್ರೀಟಿನ ಮಂಟಪ. ಕಲ್ಲು ಎಲ್ಲಿ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಕೊನೆಗೆ ಮೇಸ್ತ್ರಿಯೇ ಹೇಳಿದ: ‘ಒಡೆದಿಲ್ಲ ಕಣಪ್ಪಾ, ಮಕಾಡೆ ಹಾಕಿದ್ದೀವಿ. ಮೊದಲನೇ ಮೆಟ್ಟಿಲು ಅದೇ.’

ಯಾರ ಮೇಲೂ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಯೋಚಿಸಿದರೆ ಅವರ ತಪ್ಪು ಎಷ್ಟು? ಆ ಕಲ್ಲು ಏನೆಂದು ಓದಿ ತಿಳಿದಿದ್ದವನು ನಾನು. ತಿಳಿದು ಮೂರು ವರ್ಷವಾದರೂ ಊರಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಒಂದು ಫೋಟೊ ಕೂಡ ತೆಗೆದಿಟ್ಟಿರಲಿಲ್ಲ. ಮೊಬೈಲಿನಲ್ಲಿ ನಾಲ್ಕು ಸಾವಿರ ಫೋಟೊ ಇವೆ, ಈರಗಾರಪ್ಪನದು ಒಂದೂ ಇಲ್ಲ.

ನಮ್ಮ ಜಿಲ್ಲೆಗೆ ಪ್ರವಾಸಿಗರು ಬರುವುದು ಏನು ನೋಡಲಿಕ್ಕೆ? ರಾಮನಗರದಲ್ಲಿ ಇವತ್ತಿಗೂ ‘ಶೋಲೆ’ ಶೂಟಿಂಗ್ ಆದ ಜಾಗ ಎಲ್ಲಿ ಎಂದು ಕೇಳುವವರಿದ್ದಾರೆ. 1975ರಲ್ಲಿ ತೆರೆಕಂಡ ಚಿತ್ರಕ್ಕಾಗಿ ಹಾಕಿದ್ದ ಸೆಟ್ ಎಂದೋ ಮಾಯವಾಗಿದೆ. ಇಲ್ಲದ ಹಳ್ಳಿಯನ್ನು ಹುಡುಕಿಕೊಂಡು ಬರುವವರಿಗೆ ಇರುವ ಹಳ್ಳಿಗಳಲ್ಲಿ ಏನಿದೆ ಎಂದು ಹೇಳುವವರಿಲ್ಲ. ಸಾತನೂರಿನ ಹತ್ತಿರದ ಕಬ್ಬಾಳದುರ್ಗ ಮೈಸೂರು ಅರಸರ ಕಾಲದಲ್ಲಿ ಸೆರೆಮನೆಯಾಗಿತ್ತು. ಸಾವನದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯ 1791ರ ಡಿಸೆಂಬರಿನಲ್ಲಿ ಹಿಡಿಯಿತು. ಎರಡನ್ನೂ ನಾವು ಟ್ರೆಕ್ಕಿಂಗ್ ಲೆಕ್ಕದಲ್ಲಿ ಹತ್ತಿ, ಸೆಲ್ಫಿ ತೆಗೆದು ಇಳಿದು ಬರುತ್ತೇವೆ.

ಮಾಗಡಿ ತಾಲ್ಲೂಕಿನ ಕೆಂಪಾಪುರದ ಉದಾಹರಣೆ ನೋಡಿ. ಅಲ್ಲಿನ ಹಳೆಯ ಗೋಪುರವೊಂದರ ಶಾಸನವನ್ನು 2015ರಲ್ಲಿ ಓದಿದ ಮೇಲೆ ಅದು ಹಿರಿಯ ಕೆಂಪೇಗೌಡರ ಸಮಾಧಿ ಎಂಬ ಸಂಗತಿ ನಾಡಿಗೆ ಗೊತ್ತಾಯಿತು. ಅವರು ತೀರಿಕೊಂಡದ್ದು 1569ರಲ್ಲಿ ಎನ್ನುತ್ತಾರೆ. ಅಂದರೆ ಬೆಂಗಳೂರು ಕಟ್ಟಿದವನ ಸಮಾಧಿ ಬೆಂಗಳೂರಿನ ಪಕ್ಕದಲ್ಲೇ ನಾನೂರಕ್ಕೂ ಹೆಚ್ಚು ವರ್ಷ ಸುಮ್ಮನೆ ನಿಂತಿತ್ತು. ಏಳು ವರ್ಷದ ನಂತರ, 2022ರಲ್ಲಿ, ವಿಮಾನ ನಿಲ್ದಾಣದ ಹತ್ತಿರ 108 ಅಡಿಯ ಪ್ರತಿಮೆ ಎದ್ದಿತು. ಪ್ರತಿಮೆ ಬೇಡ ಎನ್ನುತ್ತಿಲ್ಲ. ಪ್ರತಿಮೆಯನ್ನು ಎಷ್ಟು ಎತ್ತರಕ್ಕೆ ಬೇಕಾದರೂ ಕಟ್ಟಬಹುದು, ಶಾಸನದ ಕಲ್ಲನ್ನು ಮತ್ತೆ ಮಾಡಲಾಗುವುದಿಲ್ಲ.

ಇನ್ನೊಂದು ಸ್ವಾರಸ್ಯ. 2025ರಲ್ಲಿ ನಮ್ಮ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಾಯಿಸಿದರು. ಚಹಾ ಅಂಗಡಿಗಳಲ್ಲಿ ಪರ ವಿರೋಧ ಜೋರಾಗಿ ನಡೆಯಿತು. ಆದರೆ ‘ಬೆಂಗಳೂರು’ ಎಂಬ ಹೆಸರು ಅಷ್ಟು ಹಳೆಯದು ಎಂದು ನಮಗೆ ಹೇಗೆ ಗೊತ್ತು? ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಯಾರೋ ಪುಣ್ಯಾತ್ಮರು ಅದನ್ನು ಮೆಟ್ಟಿಲು ಮಾಡದೆ ಬಿಟ್ಟಿದ್ದಕ್ಕೆ ಈ ವಾದವನ್ನಾದರೂ ಮಾಡಲು ನಮಗೆ ಸಾಧ್ಯವಾಗಿದೆ.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೇ ಸಂಪುಟ 1905ರಲ್ಲಿ ಬಂತು. ಆಗ ಕಂಕಾನಹಳ್ಳಿ ಎಂದಿದ್ದ ನಮ್ಮ ಕನಕಪುರ, ಜೊತೆಗೆ ಮಾಗಡಿ, ಚನ್ನಪಟ್ಟಣದ ಶಾಸನಗಳು ಅದರಲ್ಲಿ ಊರುವಾರು ಇವೆ. ಆಸಕ್ತರು ನಿಮ್ಮ ಊರಿನ ಹೆಸರು ಹುಡುಕಿ ನೋಡಿ, ರೋಮಾಂಚನ ಆಗುತ್ತದೆ. ಆದರೆ ಅದು ಅಕ್ಷರವಿರುವ ಕಲ್ಲುಗಳ ಪುಸ್ತಕ. ನಮ್ಮ ಈರಗಾರಪ್ಪನಂಥ, ಅಕ್ಷರವೇ ಇಲ್ಲದ ಬರೀ ಚಿತ್ರದ ಕಲ್ಲುಗಳಿಗೆ ಅಲ್ಲಿ ಜಾಗವಿಲ್ಲ. ಅಂಥವು ಹೋದರೆ ಹೋದವೇ. ನಿಧಿಯಾಸೆಗೆ ಬುಡ ಅಗೆಯುವವರು ಬೇರೆ.

‘ಸ್ಮಾರಕ ಎಂದು ಬರೆಸಿದರೆ ನಾಳೆ ಮನೆ ಕಟ್ಟಲು ಬಿಡುವುದಿಲ್ಲ’ ಎಂಬ ಭಯ ಊರಿನಲ್ಲಿದೆ. ಅದು ಸುಳ್ಳು ಭಯವಲ್ಲ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿರ್ಬಂಧಿತ. ಮೂರು ಗುಂಟೆ ಜಾಗ ಇರುವ ರೈತ ಹೆದರದೆ ಏನು ಮಾಡಿಯಾನು? ಹಾಗಾಗಿ ಪ್ರತಿ ವೀರಗಲ್ಲಿಗೂ ಬೇಲಿ ಹಾಕಿ, ನೀಲಿ ಬೋರ್ಡು ನೆಡಿ ಎಂದು ನಾನು ಕೇಳುವುದಿಲ್ಲ. ಕೇಳುವುದು ಒಂದು ಪುಸ್ತಕ ಮಾತ್ರ. ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿ ಮಟ್ಟದಲ್ಲಿ ಮರ, ಗಿಡ, ಮೀನು, ಬೀಜಗಳ ದಾಖಲಾತಿ ಬರೆಯುವ ಪದ್ಧತಿ ಇದೆ. ಅದೇ ರೀತಿ ಊರಿನ ಕಲ್ಲು, ತೂಬು, ಕಲ್ಯಾಣಿ, ಹಳೇ ಮಂಟಪ, ಛತ್ರಗಳದ್ದೂ ಒಂದು ಇರಲಿ. ಎಲ್ಲಿದೆ, ಎಷ್ಟು ಎತ್ತರ, ಫೋಟೊ ಒಂದು. ಜೀರ್ಣೋದ್ಧಾರಕ್ಕೆ ಬಿಲ್ ಆಗುವ ಮುನ್ನ ಆ ಪುಸ್ತಕ ತೆರೆದು ನೋಡಬೇಕು ಎಂಬ ನಿಯಮವಿದ್ದರೆ ಸಾಕು.

ಬರೆಯುವವರು ಯಾರು? ನಾವೇ. ಎನ್‌ಎಸ್‌ಎಸ್ ಶಿಬಿರಕ್ಕೆ ಏಳು ದಿನ ಹಳ್ಳಿಗೆ ಹೋಗುತ್ತೇವಲ್ಲ. ಹೋದ ಶಿಬಿರ ಸುಣ್ಣ ಹೊಡೆದ ಗೋಡೆಗೇ ಮತ್ತೆ ಸುಣ್ಣ ಹೊಡೆದು, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ ಮಾಡಿ ಬರುತ್ತೇವೆ. ಅದರಲ್ಲಿ ಎರಡು ದಿನ ಸಾಕು ಒಂದು ಪಂಚಾಯಿತಿ ಸುತ್ತಲು. ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಸೀಮೆಸುಣ್ಣ ಉಜ್ಜುವುದು, ಪೇಂಟ್ ಬಳಿಯುವುದು ಬೇಡ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಾಗ ನಾಗರಿಕರೇ ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಮಹಾನಗರದ ಟ್ರಾಫಿಕ್ಕಿನಲ್ಲಿ ಆದದ್ದು ಕೋಡಿಹಳ್ಳಿಯಲ್ಲಿ ಆಗಬಾರದೇಕೆ?

ಇದರಿಂದ ಕೆಲಸ ಸಿಗುತ್ತದೆಯೇ ಎಂದು ರೂಮ್‌ಮೇಟ್ ಕೇಳಿದ. ಇಲ್ಲ. ಪರೀಕ್ಷೆಯಲ್ಲಿ ಒಂದು ಅಂಕವೂ ಬರುವುದಿಲ್ಲ.

ಮೆಟ್ಟಿಲನ್ನು ಎತ್ತಿ, ಕಲ್ಲನ್ನು ತಿರುಗಿಸಿ ಏರಿಯ ಮೇಲೆ ನಿಲ್ಲಿಸಬೇಕೆಂದು ಪಂಚಾಯಿತಿಗೆ ಅರ್ಜಿ ಬರೆದಿದ್ದೇನೆ. ಬದಲಿಗೆ ಹಾಕಲು ಚಪ್ಪಡಿಯ ಖರ್ಚು ನಾವೇ ಕೊಡುತ್ತೇವೆ ಎಂದೂ ಸೇರಿಸಿದ್ದೇನೆ. ಈವರೆಗೆ ಹನ್ನೊಂದು ಸಹಿಗಳಾಗಿವೆ. ಏಳನೆಯದು ಮೇಸ್ತ್ರಿಯದು, ಹನ್ನೊಂದನೆಯದು ಅಜ್ಜಿಯ ಹೆಬ್ಬೆಟ್ಟು.